ಪೇಟೆಯ ಅಂಗಡಿಯನ್ನು ವಿಸ್ತರಿಸುವ ಮುನ್ನ

ಬೇಸಾಯದ ಜೊತೆಗೆ ತಾಲ್ಲೂಕು ಕೇಂದ್ರದ ಪೇಟೆ ಬೀದಿಯಲ್ಲಿ ಒಂದು ಸಣ್ಣ ಅಂಗಡಿ ನಡೆಸುವ ರೈತ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಅಣ್ಣ ಹೊಲ ನೋಡಿಕೊಂಡರೆ ತಮ್ಮ ಅಂಗಡಿ ನೋಡಿಕೊಳ್ಳುತ್ತಾನೆ. ಬೀಜ, ಗೊಬ್ಬರ, ಔಷಧಿ ಮಾರುವ ಇಂಥ ಅಂಗಡಿಗಳಲ್ಲಿ ಬಿತ್ತನೆ ಕಾಲಕ್ಕೆ ಕಾಲಿಡಲು ಜಾಗವಿರುವುದಿಲ್ಲ. ಆಗ ಪಕ್ಕದ ಮಳಿಗೆ ಖಾಲಿಯಾದರೆ, ಅದನ್ನೂ ಹಿಡಿದು ಅಂಗಡಿಯನ್ನು ದೊಡ್ಡದು ಮಾಡೋಣವೇ ಎಂಬ ಆಲೋಚನೆ ಬರುವುದು ಸಹಜ. ಆದರೆ ಈ ನಿರ್ಧಾರದ ಹಿಂದೆ ಹಲವು ಬಾರಿ ಮನೆಯ ಜಮೀನೇ ಪಣಕ್ಕೆ ಬೀಳುತ್ತದೆ. ಆದ್ದರಿಂದ ನಾಲ್ಕು ದಿನ ತಡವಾದರೂ ಸರಿ, ಲೆಕ್ಕ ಹಾಕಿ ನೋಡಿ ಮುಂದುವರಿಯುವುದು ಲೇಸು. ಆ ಲೆಕ್ಕ ಹಾಕುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಉದಾಹರಣೆಗೆ ಒಂದು ಅಂಗಡಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಶೇಂಗಾ ಬೆಳೆಗೂ ಎಣ್ಣೆ ಗಿರಣಿಗಳಿಗೂ ಹೆಸರಾದ ಪಟ್ಟಣ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ನಾಯಕನಹಟ್ಟಿ, ತಳಕು, ಪರಶುರಾಂಪುರ ಹೋಬಳಿಗಳ ರೈತರು ಬಿತ್ತನೆಗೆ ಮುಂಚೆ ಪೇಟೆಗೆ ಬಂದು ಪರಿಕರ ಒಯ್ಯುತ್ತಾರೆ. ಇಂಥ ಪಟ್ಟಣದಲ್ಲಿ ಹತ್ತು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಒಂದು ಬಾಡಿಗೆ ಮಳಿಗೆಯನ್ನು ಕಲ್ಪಿಸಿಕೊಳ್ಳೋಣ. ಮಾಲೀಕರ ಕುಟುಂಬಕ್ಕೆ ನಾಲ್ಕು ಎಕರೆ ಮಳೆಯಾಶ್ರಿತ ಜಮೀನಿದೆ. ಪಕ್ಕದ ಮಳಿಗೆ ಹಿಡಿದು ಗೊಬ್ಬರದ ದಾಸ್ತಾನು ಹೆಚ್ಚಿಸಬೇಕು, ಜೊತೆಗೆ ಪಶು ಆಹಾರ ಮತ್ತು ಶೇಂಗಾ ಹಿಂಡಿಯನ್ನೂ ಮಾರಬೇಕು ಎಂಬುದು ಅವರ ಯೋಜನೆ. ಮುಂದೆ ಕೊಟ್ಟಿರುವ ಅಂಗಡಿಯ ಅಂಕಿಗಳು ಲೆಕ್ಕದ ಕ್ರಮ ತಿಳಿಸಲು ಹಾಕಿಕೊಂಡವು. ಓದುಗರು ಇವುಗಳ ಜಾಗದಲ್ಲಿ ತಮ್ಮ ವಹಿಯಲ್ಲಿರುವ ಅಂಕಿಗಳನ್ನು ಬರೆದುಕೊಳ್ಳಬೇಕು.

ಮೊದಲು ಇಂದಿನ ಲೆಕ್ಕ

ಈಗಿನ ಅಂಗಡಿ ನಿಜವಾಗಿ ಎಷ್ಟು ಉಳಿಸಿಕೊಡುತ್ತಿದೆ ಎಂಬುದನ್ನು ತಿಳಿಯದೆ ಹೊಸ ಮಳಿಗೆಯ ಮಾತು ಎತ್ತಬಾರದು. ದಿನದ ಗಲ್ಲಾ ತುಂಬಿದ್ದೇ ಲಾಭವಲ್ಲ. ವರ್ಷದ ಲೆಕ್ಕ ಹೀಗೆ ಬರುತ್ತದೆ:

ವರ್ಷದ ಒಟ್ಟು ಮಾರಾಟ – 36,00,000 ರೂ.
ಶೇ. 10ರಂತೆ ಮಾರಾಟದ ಮೇಲಿನ ಲಾಭ – 3,60,000 ರೂ.
ಬಾಡಿಗೆ (ತಿಂಗಳಿಗೆ 6,000) – 72,000 ರೂ.
ಒಬ್ಬ ಸಹಾಯಕನ ಸಂಬಳ (ತಿಂಗಳಿಗೆ 10,000) – 1,20,000 ರೂ.
ವಿದ್ಯುತ್, ಸಾಗಾಣಿಕೆ, ಇತರೆ – 24,000 ರೂ.
ಉಳಿಕೆ – 1,44,000 ರೂ.

ಇಲ್ಲಿಗೆ ಲೆಕ್ಕ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಉದ್ದರಿಯ ಬಡ್ಡಿಯನ್ನು ಯಾರೂ ಬರೆಯುವುದಿಲ್ಲ. ಮಾರಾಟದ ಮೂರನೆಯ ಒಂದು ಭಾಗ, ಅಂದರೆ 12 ಲಕ್ಷ ರೂಪಾಯಿ ಉದ್ದರಿ ಎಂದಿಟ್ಟುಕೊಳ್ಳೋಣ. ಜೂನ್‌ನಲ್ಲಿ ಕೊಟ್ಟ ಮಾಲಿನ ಹಣ ಶೇಂಗಾ ಕಿತ್ತು ಮಾರಿದ ಮೇಲೆ, ನವೆಂಬರ್ ಹೊತ್ತಿಗೆ ಬರುತ್ತದೆ. ಐದು ತಿಂಗಳು ಈ ಹಣ ರೈತರ ಬಳಿ ಇರುತ್ತದೆ. ವರ್ಷಕ್ಕೆ ಶೇ. 12ರ ಬಡ್ಡಿಯಂತೆ ಐದು ತಿಂಗಳಿಗೆ ಶೇ. 5, 12 ಲಕ್ಷಕ್ಕೆ 60,000 ರೂಪಾಯಿ. ಇದನ್ನು ಕಳೆದರೆ ಉಳಿಯುವುದು 84,000 ರೂಪಾಯಿ, ತಿಂಗಳಿಗೆ 7,000.

ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕೂರುವ ಮಾಲೀಕರಿಗೆ ಸಿಗುವುದು ಅವರ ಸಹಾಯಕನ ಸಂಬಳಕ್ಕಿಂತ ಕಡಿಮೆ ಎಂಬುದನ್ನು ಗಮನಿಸಬೇಕು. ಇಂಥ ಅಂಗಡಿ ಎರಡರಷ್ಟಾದರೆ ಲಾಭವೂ ಎರಡರಷ್ಟಾಗುತ್ತದೆಂದು ಭಾವಿಸುವುದು ಸರಿಯಲ್ಲ.

ವಿಸ್ತರಣೆಯ ಲೆಕ್ಕ

ಪಕ್ಕದ ಮಳಿಗೆಗೆ ಮುಂಗಡ 1 ಲಕ್ಷ, ಕಪಾಟು ಮತ್ತು ತೂಕದ ಯಂತ್ರಕ್ಕೆ 1.5 ಲಕ್ಷ, ಹೆಚ್ಚಿನ ದಾಸ್ತಾನಿಗೆ 3.5 ಲಕ್ಷ – ಒಟ್ಟು 6 ಲಕ್ಷ ರೂಪಾಯಿ ಸಾಲ ಬೇಕಾಗುತ್ತದೆ ಎಂದುಕೊಳ್ಳೋಣ. ಮಾರಾಟವಾಗಲಿ ಬಿಡಲಿ, ವರ್ಷವರ್ಷ ಬರುವ ಹೊಸ ಖರ್ಚು ಇಷ್ಟು:

ಹೆಚ್ಚುವರಿ ಬಾಡಿಗೆ (ತಿಂಗಳಿಗೆ 8,000) – 96,000 ರೂ.
ಇನ್ನೊಬ್ಬ ಸಹಾಯಕ – 1,20,000 ರೂ.
ವಿದ್ಯುತ್, ಲೆಕ್ಕ ಬರೆಸುವ ಖರ್ಚು, ಇತರೆ – 24,000 ರೂ.
ಸಾಲದ ಮೊದಲ ವರ್ಷದ ಬಡ್ಡಿ, ಶೇ. 12 – 72,000 ರೂ.
ಕಪಾಟು, ಯಂತ್ರದ ಸವಕಳಿ – 15,000 ರೂ.
ಒಟ್ಟು – 3,27,000 ರೂ.

ಶೇ. 10ರ ಲಾಭದಂತೆ ಈ ಖರ್ಚು ಹುಟ್ಟಬೇಕಾದರೆ 32,70,000 ರೂಪಾಯಿಯ ಹೊಸ ಮಾರಾಟವಾಗಬೇಕು. ಅದೂ ಪೂರ್ತಿ ನಗದಾಗಿ. ಮೊದಲಿನಂತೆಯೇ ಮೂರನೆಯ ಒಂದು ಭಾಗ ಉದ್ದರಿ ಹೋದರೆ, ಬಡ್ಡಿ ಕಳೆದು ಲಾಭ ಶೇ. 8.33ಕ್ಕೆ ಇಳಿಯುತ್ತದೆ. ಆಗ ಬೇಕಾದ ಹೊಸ ಮಾರಾಟ 39,24,000 ರೂಪಾಯಿ. ಎಂದರೆ ಇಂದಿನ 36 ಲಕ್ಷದ ವ್ಯಾಪಾರ 75 ಲಕ್ಷ ದಾಟಿದ ಮೇಲೆ ಮಾಲೀಕರಿಗೆ ಉಳಿಯುವುದು ಇಂದು ಉಳಿಯುತ್ತಿರುವ ಅದೇ 84,000 ರೂಪಾಯಿ! ಅಲ್ಲಿಂದ ಮುಂದೆ ಮಾರಿದ್ದು ಮಾತ್ರ ಹೊಸ ಲಾಭ. ಸಾಲದ ಅಸಲನ್ನು ಐದು ವರ್ಷದಲ್ಲಿ ತೀರಿಸಲು ವರ್ಷಕ್ಕೆ 1,20,000 ರೂಪಾಯಿ ಬೇರೆ ಬೇಕು. ಅಸಲು ಖರ್ಚಲ್ಲವಾದರೂ ಕೈಯಿಂದ ಹೋಗುವ ಹಣವೇ.

ಇನ್ನೊಂದು ಮಾತು. ಹೊಸ ಮಾರಾಟದಲ್ಲಿ 13 ಲಕ್ಷದಷ್ಟು ಉದ್ದರಿ ಹೋದರೆ, ಅಷ್ಟು ಹಣವನ್ನು ಐದು ತಿಂಗಳು ಹೊರಗೆ ಬಿಟ್ಟು ವ್ಯಾಪಾರ ನಡೆಸುವ ಶಕ್ತಿ ಬೇಕು. 6 ಲಕ್ಷದ ಸಾಲದಲ್ಲಿ ಇದಕ್ಕೆ ಒಂದು ಪೈಸೆಯೂ ಇಲ್ಲ. 3.5 ಲಕ್ಷದ ದಾಸ್ತಾನಿನಿಂದ 39 ಲಕ್ಷದ ಮಾರಾಟ ಮಾಡಬೇಕಾದರೆ ಆ ದಾಸ್ತಾನು ವರ್ಷಕ್ಕೆ ಹತ್ತು ಬಾರಿ ಖಾಲಿಯಾಗಿ ತುಂಬಬೇಕು. ಎರಡು ತಿಂಗಳ ಬಿತ್ತನೆ ಕಾಲವನ್ನೇ ನಂಬಿದ ಅಂಗಡಿಗೆ ಇದು ಸುಲಭವಲ್ಲ.

ಯಾವ ಸರಕು ಎಷ್ಟು ಜಾಗ ತಿನ್ನುತ್ತದೆ?

ಅಂಗಡಿಯಲ್ಲಿ ಹೆಚ್ಚು ಜಾಗ ಹಿಡಿಯುವ ಸರಕು ಹೆಚ್ಚು ಲಾಭ ತರುತ್ತದೆಂದೇನೂ ಇಲ್ಲ. ಯೂರಿಯಾವನ್ನೇ ನೋಡಿ. ರಸಗೊಬ್ಬರ ನಿಯಂತ್ರಣ ಆದೇಶ, 1985ರಂತೆ ಇದನ್ನು ನಿಗದಿತ ದರಕ್ಕಿಂತ ಹೆಚ್ಚಿಗೆ ಮಾರುವಂತಿಲ್ಲ. 2018ರಲ್ಲಿ ಮಾರಾಟಗಾರರ ಲಾಭಾಂಶವನ್ನು ಟನ್ನಿಗೆ 354 ರೂಪಾಯಿಗೆ ಏರಿಸಲಾಯಿತು. 45 ಕಿಲೋ ಚೀಲಕ್ಕೆ ಇದು 16 ರೂಪಾಯಿಗೂ ಒಂದಿಷ್ಟು ಕಡಿಮೆ. ಈ ದರದಲ್ಲಿ 8,000 ರೂಪಾಯಿಯ ಹೊಸ ಬಾಡಿಗೆಯೊಂದೇ ಹುಟ್ಟಬೇಕಾದರೂ ತಿಂಗಳಿಗೆ 500 ಚೀಲಕ್ಕೂ ಮೇಲೆ ಮಾರಬೇಕು, ಹಮಾಲಿ ಬೇರೆ.

ಜಿಪ್ಸಂ ಕೂಡ ಇದೇ ಬಗೆಯದು. ಶೇಂಗಾ ಬೆಳೆಗೆ ಎಕರೆಗೆ 200 ಕಿಲೋ ಜಿಪ್ಸಂ ಹಾಕುವುದು ಶಿಫಾರಸಾಗಿದೆ. ಬೆಲೆ ಕಡಿಮೆ, ಹಿಡಿಯುವ ಜಾಗ ಬಹಳ. ಇದನ್ನು ಬಾಡಿಗೆ ಮಳಿಗೆಯಲ್ಲಿ ತುಂಬಿಡುವುದಕ್ಕಿಂತ ಮೇ ತಿಂಗಳಲ್ಲೇ ಊರೂರಿನ ರೈತರ ಬೇಡಿಕೆ ಬರೆದುಕೊಂಡು, ಮುಂಗಡ ಪಡೆದು, ಲಾರಿಯನ್ನು ನೇರವಾಗಿ ಹಳ್ಳಿಗೇ ಕಳುಹಿಸುವುದು ಉತ್ತಮ. ಅಂಗಡಿಯಲ್ಲಿ ಜಾಗ ಉಳಿಯುತ್ತದೆ. ಎರಡು ಬಾರಿಯ ಹಮಾಲಿಯೂ ಉಳಿಯುತ್ತದೆ.

ಒಂದೇ ಮಳೆ, ಮೂರು ನಷ್ಟ

ಬೇಸಾಯ ಕೈಕೊಟ್ಟರೆ ಅಂಗಡಿ ಇದೆ ಎಂಬ ಧೈರ್ಯ ಇಂಥ ಕುಟುಂಬಗಳಲ್ಲಿ ಇರುತ್ತದೆ. ಕಿರಾಣಿ ಅಂಗಡಿಯ ಮಟ್ಟಿಗೆ ಇದು ಸ್ವಲ್ಪ ನಿಜ. ಬೀಜ-ಗೊಬ್ಬರದ ಅಂಗಡಿಯ ಮಟ್ಟಿಗೆ ಅಲ್ಲ. ಮಳೆ ಹೋದರೆ ಸ್ವಂತ ಹೊಲದ ಶೇಂಗಾ ಹೋಗುತ್ತದೆ. ಉದ್ದರಿ ಪಡೆದ ರೈತರ ಶೇಂಗಾ ಹೋಗುವುದರಿಂದ ಬಾಕಿ ನಿಲ್ಲುತ್ತದೆ. ತಂದ ದಾಸ್ತಾನು ಮಾರಾಟವಾಗದೆ ಕೂರುತ್ತದೆ. ಮೂರು ನಷ್ಟಗಳೂ ಒಂದೇ ವರ್ಷ, ಒಂದೇ ಮನೆಗೆ.

ಇದು ಬರೀ ಊಹೆಯ ಮಾತಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಅಂಥ ವರ್ಷದಲ್ಲಿ ಅರ್ಧ ಉದ್ದರಿ ಮುಂದಿನ ಸುಗ್ಗಿಯವರೆಗೆ ನಿಂತಿತೆನ್ನಿ. ಇಂದಿನ ಅಂಗಡಿಯಲ್ಲಿ ನಿಲ್ಲುವುದು 6 ಲಕ್ಷ. ಅದರ ಒಂದು ವರ್ಷದ ಬಡ್ಡಿ 72,000 ರೂಪಾಯಿ. ವರ್ಷದ ದುಡಿಮೆ ಹೆಚ್ಚುಕಡಿಮೆ ಹೋದಂತೆ. ಆದರೆ ಮನೆ ಉಳಿಯುತ್ತದೆ. ವಿಸ್ತರಿಸಿದ ಅಂಗಡಿಯಲ್ಲಿ ಉದ್ದರಿ 25 ಲಕ್ಷ, ನಿಲ್ಲುವುದು 12.5 ಲಕ್ಷ, ಬಡ್ಡಿಯೇ 1,50,000 ರೂಪಾಯಿ. ಜೊತೆಗೆ ಬ್ಯಾಂಕಿನ ಕಂತು, ಎರಡು ಮಳಿಗೆಯ ಬಾಡಿಗೆ, ಸಗಟು ವ್ಯಾಪಾರಿಯ ತಗಾದೆ. ಸಗಟು ವ್ಯಾಪಾರಿ ಮಳೆಗಾಗಿ ಕಾಯುವುದಿಲ್ಲ. ಆಗ ಉಳಿಯುವ ದಾರಿ ನಾಲ್ಕು ಎಕರೆಯ ಕಡೆಗೇ ಹೋಗುತ್ತದೆ.

ಉದ್ದರಿಯ ಮೇಲೆ ನಿಂತ ಪರಿಕರದ ಅಂಗಡಿಯನ್ನು ದೊಡ್ಡದು ಮಾಡುವುದೆಂದರೆ ಮಳೆಯ ಮೇಲಿನ ಪಣವನ್ನು ದೊಡ್ಡದು ಮಾಡಿದಂತೆಯೇ ಸರಿ. ಈ ಒಂದು ವಿಷಯ ಮನಸ್ಸಿಗೆ ಬಂದರೆ ಉಳಿದ ನಿರ್ಧಾರಗಳು ಸುಲಭವಾಗುತ್ತವೆ. ಕೊಳವೆ ಬಾವಿ ರೈತರಿಗೆ ಬೇಕಾದ ತರಕಾರಿ ಬೀಜ, ಹನಿ ನೀರಾವರಿಯ ಬಿಡಿ ಭಾಗಗಳು ಮುಂತಾದ, ಮುಂಗಾರನ್ನೇ ನಂಬದ ಸರಕುಗಳನ್ನು ನಗದಿಗೆ ಮಾರುವ ವ್ಯಾಪಾರ ಬೆಳೆಸಿದರೆ ಮಾತ್ರ ಅಂಗಡಿ ಬೇಸಾಯಕ್ಕೆ ಆಸರೆಯಾಗುತ್ತದೆ.

‘ಇಲ್ಲ’ ಪುಸ್ತಕ

ಜಾಗ ಸಾಲದು ಎಂಬುದು ಜೂನ್ ತಿಂಗಳ ನೂಕುನುಗ್ಗಲಿನಲ್ಲಿ ಹುಟ್ಟುವ ಭಾವನೆ. ಅದು ನಿಜವೇ ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ಗಲ್ಲಾದ ಪಕ್ಕದಲ್ಲಿ ಒಂದು ಪುಸ್ತಕ ಇಡಿ. ಗಿರಾಕಿಗೆ ‘ಇಲ್ಲ’ ಎಂದು ಹೇಳಿದಾಗಲೆಲ್ಲ ನಾಲ್ಕು ವಿಷಯ ಬರೆಯಿರಿ: ದಿನಾಂಕ, ಕೇಳಿದ ಸರಕು, ಅದರ ಅಂದಾಜು ಬೆಲೆ, ಇಲ್ಲವೆಂದುದಕ್ಕೆ ಕಾರಣ. ಕಾರಣ ಮೂರು ಬಗೆ – ಇಡಲು ಜಾಗವಿರಲಿಲ್ಲ, ತರಲು ಹಣವಿರಲಿಲ್ಲ, ಗಿರಾಕಿ ಉದ್ದರಿ ಕೇಳಿದ್ದರಿಂದ ಕೊಡಲಿಲ್ಲ.

ಒಂದು ಮುಂಗಾರು, ಒಂದು ಹಿಂಗಾರು ಮುಗಿದ ಮೇಲೆ ಕೂಡಿ ನೋಡಿ. ಜಾಗವಿಲ್ಲದೆ ತಪ್ಪಿದ ವ್ಯಾಪಾರ ಮೇಲೆ ಹೇಳಿದ 39 ಲಕ್ಷದ ಹತ್ತಿರ ಬಂದರೆ ಪಕ್ಕದ ಮಳಿಗೆಯ ಮಾತು ಆಡಬಹುದು. ಹಣವಿಲ್ಲದೆ ತಪ್ಪಿದ್ದೇ ಹೆಚ್ಚಾಗಿದ್ದರೆ, ನಿಮಗೆ ಬೇಕಾದುದು ಮಳಿಗೆಯಲ್ಲ, ಬಾಕಿ ವಸೂಲಿ. ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಬಿತ್ತನೆ ಬೀಜ ಸಿಗುತ್ತದೆ. ಸಹಕಾರ ಸಂಘಗಳೂ ಗೊಬ್ಬರ ಮಾರುತ್ತವೆ. ಅಲ್ಲಿಗೆ ಹೋಗುವ ಗಿರಾಕಿ ನಿಮ್ಮ ಅಂಗಡಿ ಅಗಲವಾಯಿತೆಂದು ಇತ್ತ ತಿರುಗುವುದಿಲ್ಲ.

ತಿಳಿದಿರಬೇಕಾದ ನಿಯಮಗಳು

1. 1971ರ ಕೀಟನಾಶಕ ನಿಯಮಗಳ ಪ್ರಕಾರ, ಮನುಷ್ಯರು ಅಥವಾ ಪ್ರಾಣಿಗಳು ತಿನ್ನುವ ಪದಾರ್ಥಗಳನ್ನು ತಯಾರಿಸುವ, ಇಡುವ ಅಥವಾ ಮಾರುವ ಕಟ್ಟಡದಲ್ಲಿ ಬೆಳೆಗೆ ಹೊಡೆಯುವ ಕೀಟನಾಶಕಗಳನ್ನು ಇಡುವಂತಿಲ್ಲ, ಮಾರುವಂತಿಲ್ಲ. ನಮ್ಮ ಉದಾಹರಣೆಯ ಮಾಲೀಕರು ಅದೇ ಕಟ್ಟಡದ ಪಕ್ಕದ ಮಳಿಗೆಯಲ್ಲಿ ಪಶು ಆಹಾರ, ಹಿಂಡಿ ಇಡುವ ಯೋಜನೆ ಇಲ್ಲಿಯೇ ನಿಲ್ಲುತ್ತದೆ. ಹಿಂಡಿ ಮಾರಬೇಕಾದರೆ ಬೇರೆ ಕಟ್ಟಡವೇ ಬೇಕು. ನಿಯಮವಷ್ಟೇ ಅಲ್ಲ, ವಿಷ ತಗುಲಿದ ಹಿಂಡಿ ತಿಂದು ಒಂದು ಹಸು ಸತ್ತರೂ ಆ ಊರಿನ ಗಿರಾಕಿ ಮತ್ತೆ ಬರುವುದಿಲ್ಲ.

2. ಹೊಸ ಮಳಿಗೆಯಾಗಲಿ ಗೋದಾಮಾಗಲಿ, ಅದರ ವಿಳಾಸವನ್ನು ಬೀಜ, ಗೊಬ್ಬರ, ಕೀಟನಾಶಕ ಪರವಾನಗಿಗಳಲ್ಲಿ ಸೇರಿಸಿಕೊಳ್ಳದೆ ಅಲ್ಲಿ ದಾಸ್ತಾನು ಇಡಬಾರದು. ಮುಂಗಡ ಕೊಡುವ ಮೊದಲೇ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸಬೇಕು.

3. ಸರಕು ಮಾತ್ರ ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಸರಕು ಮತ್ತು ಸೇವಾ ತೆರಿಗೆಯಡಿ ನೋಂದಣಿ ಕಡ್ಡಾಯ. ತೆರಿಗೆಯಿಲ್ಲದ ಬಿತ್ತನೆ ಬೀಜದ ಮಾರಾಟವೂ ಈ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ.

4. ಅವಧಿ ಮೀರಿದ ಕೀಟನಾಶಕ ಮಾರುವುದು ಅಪರಾಧ. ದಾಸ್ತಾನು ಹೆಚ್ಚಿಸಿದಷ್ಟೂ ಅವಧಿ ಮೀರುವ ಡಬ್ಬಿಗಳೂ ಹೆಚ್ಚುತ್ತವೆ.

ಸಾಲ ಎಲ್ಲಿಂದ?

ಲೆಕ್ಕ ಕೂಡಿ ಬಂದು ಸಾಲ ಮಾಡುವುದೆಂದೇ ಆದರೆ, ಜಮೀನಿನ ಪತ್ರ ಹಿಡಿದು ಹೋಗುವ ಅವಶ್ಯಕತೆಯಿಲ್ಲ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯಲ್ಲಿ ಸಣ್ಣ ವ್ಯಾಪಾರಕ್ಕೂ ಸಾಲ ಸಿಗುತ್ತದೆ. 50,000 ರೂಪಾಯಿವರೆಗೆ ‘ಶಿಶು’, 5 ಲಕ್ಷದವರೆಗೆ ‘ಕಿಶೋರ’, 10 ಲಕ್ಷದವರೆಗೆ ‘ತರುಣ’ ಎಂದು ಹಂತಗಳಿವೆ. 10 ಲಕ್ಷದವರೆಗಿನ ಈ ಸಾಲಗಳಿಗೆ ಜಮೀನಿನ ಅಡಮಾನ ಕೇಳುವಂತಿಲ್ಲ. ಮೂರು ವರ್ಷದ ಲೆಕ್ಕಪತ್ರ ಸರಿಯಾಗಿದ್ದರೆ ಬ್ಯಾಂಕಿನವರ ಮುಂದೆ ಧೈರ್ಯವಾಗಿ ಮಾತನಾಡಬಹುದು.

ಬೆಳೆ ಸಾಲವನ್ನು ಮಾತ್ರ ಅಂಗಡಿಗೆ ಹಾಕಬಾರದು. ಬೆಳೆಗೆಂದು ಕಡಿಮೆ ಬಡ್ಡಿಯಲ್ಲಿ ಪಡೆದ ಹಣ ಉದ್ದರಿಯಲ್ಲಿ ಸಿಕ್ಕಿಕೊಂಡರೆ, ಗಡುವಿಗೆ ಸಾಲ ತೀರಿಸಲಾಗದೆ ಬಡ್ಡಿ ರಿಯಾಯಿತಿಯೂ ಹೋಗುತ್ತದೆ, ಮುಂದಿನ ಬಿತ್ತನೆಗೆ ಸಾಲವೂ ಹುಟ್ಟುವುದಿಲ್ಲ.

ಇರುವ ಅಂಗಡಿಯಲ್ಲೇ ಬೆಳೆಯುವ ದಾರಿಗಳು

ಉದ್ದರಿ ತಗ್ಗಿಸುವುದು ಮೊದಲ ಕೆಲಸ. ನಗದಿಗೆ ಶೇ. 2 ರಿಯಾಯಿತಿ ಕೊಡೋಣವೆಂದು ಕೆಲವರು ಯೋಚಿಸುತ್ತಾರೆ. ಅರ್ಧದಷ್ಟು ಉದ್ದರಿ ಗಿರಾಕಿಗಳು, ಎಂದರೆ 6 ಲಕ್ಷದ ವ್ಯಾಪಾರ ನಗದಿಗೆ ತಿರುಗಿದರೆ 30,000 ರೂಪಾಯಿ ಬಡ್ಡಿ ಉಳಿಯುತ್ತದೆ, ರಿಯಾಯಿತಿಗೆ 12,000 ಹೋಗುತ್ತದೆ. ಆದರೆ ಮೊದಲಿನಿಂದಲೂ ನಗದು ಕೊಡುತ್ತಿದ್ದವರು ನಮಗೇಕಿಲ್ಲ ಎಂದು ಕೇಳದೆ ಬಿಡುವುದಿಲ್ಲ. ಅವರ 24 ಲಕ್ಷಕ್ಕೂ ಕೊಟ್ಟರೆ ಇನ್ನೂ 48,000 ಹೋಗಿ ನಷ್ಟವೇ ಆಗುತ್ತದೆ. ಅದರ ಬದಲು ಉದ್ದರಿ ಕೇಳುವವರಿಂದ ಅರ್ಧ ಹಣವನ್ನು ಮಾಲು ಒಯ್ಯುವಾಗಲೇ ಪಡೆಯುವ ಪದ್ಧತಿ ಒಳ್ಳೆಯದು. ಇದರಿಂದಲೂ 30,000 ರೂಪಾಯಿ ಉಳಿಯುತ್ತದೆ. ಬರಗಾಲದ ವರ್ಷ ನಿಲ್ಲುವ ಬಾಕಿಯೂ ಅರ್ಧಕ್ಕಿಳಿಯುತ್ತದೆ. ಕೆಲವು ಗಿರಾಕಿಗಳು ಬಿಟ್ಟುಹೋಗಬಹುದು. ಯಾರು ಹೋದರೆಂದು ಬರೆದಿಡಿ. ಬಹುಮಟ್ಟಿಗೆ ಅವರು ಹಳೆ ಬಾಕಿಯವರೇ ಆಗಿರುತ್ತಾರೆ.

ಎರಡನೆಯದು, ಹಂಗಾಮಿನ ಗೋದಾಮು. ವರ್ಷವಿಡೀ ಮಳಿಗೆ ಹಿಡಿಯುವ ಬದಲು ಪೇಟೆಯಿಂದ ಸ್ವಲ್ಪ ದೂರದಲ್ಲಿ ಮೂರು ತಿಂಗಳಿಗೆ ಮಾತ್ರ ಗೋದಾಮು ಹಿಡಿಯಬಹುದು. ತಿಂಗಳಿಗೆ 5,000ದಂತೆ ಬಾಡಿಗೆ 15,000; ಮೂರು ತಿಂಗಳ ಸಹಾಯಕ 30,000; 2 ಲಕ್ಷದ ದಾಸ್ತಾನಿಗೆ ನಾಲ್ಕು ತಿಂಗಳ ಬಡ್ಡಿ 8,000; ವಹಿವಾಟು 40 ಲಕ್ಷ ದಾಟುವುದರಿಂದ ಲೆಕ್ಕ ಬರೆಸಲು 18,000. ಒಟ್ಟು 71,000 ರೂಪಾಯಿ. ಇದು ಹುಟ್ಟಲು ಬೇಕಾದ ಹೊಸ ಮಾರಾಟ 8,52,000 ರೂಪಾಯಿ. 39 ಲಕ್ಷದ ಜೊತೆ ಇದನ್ನು ಹೋಲಿಸಿ ನೋಡಿ. ಹಂಗಾಮು ಚೆನ್ನಾಗಿಲ್ಲದಿದ್ದರೆ ಮುಂದಿನ ವರ್ಷ ಬಿಟ್ಟುಬಿಡುವ ಸ್ವಾತಂತ್ರ್ಯವೂ ಇದೆ.

ಮೂರನೆಯದು, ತಿಳಿವಳಿಕೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯು ಕೃಷಿ ಪರಿಕರ ಮಾರಾಟಗಾರರಿಗಾಗಿ 2003ರಲ್ಲಿ ಆರಂಭಿಸಿದ ‘ಡೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಇದೆ. ವಾರಕ್ಕೊಂದು ದಿನ ಪಾಠ, ಅಂಗಡಿ ಮುಚ್ಚಬೇಕಾಗಿಲ್ಲ. ಎಲೆಯ ಮೇಲಿನ ಚುಕ್ಕೆ ಟಿಕ್ಕಾ ರೋಗದ್ದೋ, ಪೋಷಕಾಂಶದ ಕೊರತೆಯೋ ಎಂದು ಸರಿಯಾಗಿ ಹೇಳಬಲ್ಲ ಅಂಗಡಿಗೆ ಗಿರಾಕಿ ನಗದು ಹಿಡಿದು ಬರುತ್ತಾನೆ.

ವಿಸ್ತರಿಸಬಹುದಾದ ಸಂದರ್ಭ

ಕೆಳಗಿನ ಐದೂ ಕೂಡಿ ಬಂದಾಗ ಅಂಗಡಿಯನ್ನು ಧೈರ್ಯವಾಗಿ ದೊಡ್ಡದು ಮಾಡಬಹುದು:

1. ‘ಇಲ್ಲ’ ಪುಸ್ತಕದಲ್ಲಿ ಎರಡು ಹಂಗಾಮು ಸತತವಾಗಿ, ಜಾಗದ ಕೊರತೆಯಿಂದ ತಪ್ಪಿದ ವ್ಯಾಪಾರ ಹೊಸ ಖರ್ಚನ್ನು ಹೊರುವಷ್ಟಿರಬೇಕು.
2. ಕೊಟ್ಟ ಉದ್ದರಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಂಕ್ರಾಂತಿಯೊಳಗೆ ವಸೂಲಾಗುತ್ತಿರಬೇಕು.
3. ಒಂದು ವರ್ಷ ಮಳೆ ಹೋದರೂ ಬಾಡಿಗೆ, ಸಂಬಳ, ಕಂತು ಕಟ್ಟುವಷ್ಟು ಹಣ ಬೇರೆ ಇರಬೇಕು.
4. ಹೊಸ ಸರಕಿನಲ್ಲಿ ಅರ್ಧವಾದರೂ ಮುಂಗಾರನ್ನು ನಂಬದ, ನಗದಿಗೆ ಹೋಗುವ ಸರಕಾಗಿರಬೇಕು.
5. ಜಮೀನನ್ನು ಅಡವಿಡದೆ ಸಾಲ ಸಿಗುವಂತಿರಬೇಕು.

ಇವುಗಳಲ್ಲಿ ಒಂದು ಕಡಿಮೆಯಾದರೂ ಇನ್ನೊಂದು ಮುಂಗಾರು ಕಾಯುವುದು ಕ್ಷೇಮ. ಪಕ್ಕದ ಮಳಿಗೆ ಬೇರೆಯವರ ಪಾಲಾದರೆ ಇನ್ನೊಂದು ಮಳಿಗೆ ಎಂದಾದರೂ ಖಾಲಿಯಾಗುತ್ತದೆ. ಅಡವಿಟ್ಟು ಕಳೆದುಕೊಂಡ ನಾಲ್ಕು ಎಕರೆ ಹಾಗೆ ಮತ್ತೆ ಸಿಗುವುದಿಲ್ಲ. ಈ ಲೆಕ್ಕವನ್ನು ಅಂಗಡಿಯಲ್ಲಿ ಕೂರುವವರೊಬ್ಬರೇ ಮಾಡದೆ, ಹೊಲ ನೋಡಿಕೊಳ್ಳುವವರು, ಮನೆಯ ಹೆಣ್ಣುಮಕ್ಕಳು ಎಲ್ಲರೂ ಒಟ್ಟಿಗೆ ಕುಳಿತು, ಕಾಗದದ ಮೇಲೆ ಬರೆದು ಮಾಡತಕ್ಕದ್ದು. ಜಮೀನು ಎಲ್ಲರದು, ಅದರ ಮೇಲಿನ ನಿರ್ಧಾರವೂ ಎಲ್ಲರದಾಗಿರಲಿ.